ಬರೀ ನೀರಿನ ಬಾಟ್ಲಿ ಹೊಳೆದದ್ದು

ತೊಕ್ಕೊಟ್ಟಿನಿಂದ ಏಳೂಕಾಲರ ಬಸ್ಸಿಗೆ ಬರುವ ಗೆರ್ಟ್ರೂಡ್ ಬಾಯಿ ಕಾಲೇಜಿನ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜಿನ ಬಾಟ್ಲಿ ತೊಳೆಯುತ್ತಾರೆ. ನಾನು ಅಲ್ಲೇ ನೆಲ ಒರೆಸುವವಳು, ಅವರಿಗೆ ರಜೆ ಇದ್ದ ದಿನ ಬಾಟ್ಲಿಯನ್ನೂ ತೊಳೆಯುತ್ತೇನೆ. ಬಾಯಿ ಎಂದೇ ನಾವು ಕರೆಯುವ ಅವರ ಲೆಕ್ಕ, ಸೋಪು ಹಾಕಿ ಉಜ್ಜಿದ ಮೇಲೆ ನಲ್ಲಿ ನೀರಲ್ಲಿ ಮೂರು ಸಲ, ಡಿಸ್ಟಿಲ್ಡ್ ವಾಟರಲ್ಲಿ ಒಂದು ಸಲ, ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ಅವರು ತೊಳೆದದ್ದನ್ನು ಯಾರೂ ಹಿಂದೆ ಕಳುಹಿಸಿದ್ದಿಲ್ಲ.

ಅಶ್ಮಿತಾ ಅಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡುವುದು ಅವಳ ಕೆಲಸ. ಒಳಗೆ ಕಬ್ಬಿಣದ ಅಂಶ, ಹೊರಗೆ ಹೊಳೆಯುವ ಲೇಪ. ಮ್ಯಾಗ್ನೆಟ್ ಹಿಡಿದರೆ ಒಂದು ಬದಿಗೆ ಬರುತ್ತವೆ, ಕತ್ತಲೆ ಕೋಣೆಯ ನೇರಳೆ ದೀಪದಡಿ ನೀಲಿಯಾಗಿ ಹೊಳೆಯುತ್ತವೆ. ಮುಂದೆ ಮೈಯೊಳಗಿನ ಗಡ್ಡೆಯನ್ನು ಸ್ಕ್ಯಾನಿನಲ್ಲಿ ತೋರಿಸಲು ಬೇಕಂತೆ. ಹೋಲಿಸಿ ನೋಡಲು ಬರೀ ನೀರಿನ ಬಾಟ್ಲಿಯನ್ನೂ ಪಕ್ಕದಲ್ಲಿಡುತ್ತಾಳೆ. ಅದು ಹೊಳೆಯಬಾರದು. ಒಂದು ಬುಧವಾರ ಅದೂ ಹೊಳೆಯಿತು.

"ಬಾಯಮ್ಮ, ನನ್ನ ಹಳೆ ಕಣ ಇದರಲ್ಲಿ ಉಳಿದಿದೆ. ನೀವು ಸರಿ ತೊಳೆದಿಲ್ಲ."

"ನಾನಾ? ನಿನ್ನ ಟಿಫಿನ್ ಡಬ್ಬಿ ತಾ, ಅದನ್ನೂ ತೊಳೆದು ತೋರಿಸ್ತೇನೆ!"

ಬಾಯಿ ಎರಡು ಚಮಚ ಪೌಡರ್ ಜಾಸ್ತಿ ಹಾಕಿ ಎಲ್ಲ ಪುನಃ ತೊಳೆದರು. ಮರುದಿನ ಇನ್ನೂ ಹೆಚ್ಚು ಹೊಳೆಯಿತು. ಲ್ಯಾಬಿಗೆ ದೊಡ್ಡವರಾದ ಮೋಹನದಾಸ್ ಸರ್ ಬಂದು ನೋಡಿ, "ಶನಿವಾರವೂ ಹೀಗೇ ಆದ್ರೆ ತೊಳೆಯಲಿಕ್ಕೆ ಬೇರೆ ಜನ ನೋಡುವ" ಎಂದರು. ಬಾಯಿ ಅವತ್ತು ಊಟದ ಬುತ್ತಿ ಬಿಚ್ಚಲಿಲ್ಲ.

ಶನಿವಾರವೂ ಹೊಳೆಯಿತು. ಬಾಯಿ ತಾವೇ ಕತ್ತಲೆ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

"ಮಗಾ, ನಿನ್ನ ಕಣ ಆದ್ರೆ ಮ್ಯಾಗ್ನೆಟಿಗೆ ಬರ್ಬೇಕಲ್ಲ? ಹಿಡಿ ನೋಡುವ."

ಅಶ್ಮಿತಾ ನೀರಿನ ಬಾಟ್ಲಿಗೆ ಅರ್ಧ ಗಂಟೆ ಮ್ಯಾಗ್ನೆಟ್ ಹಿಡಿದಳು. ನೀಲಿ ಅಲ್ಲಾಡಲಿಲ್ಲ.

"ಇದು ನನ್ನದಲ್ಲ ಬಾಯಮ್ಮ. ಮತ್ತೆ ಎಂತದು?"

ಬಾಯಿ ಬೆವರು ಒರೆಸಲು ಸೊಂಟದಿಂದ ಕರವಸ್ತ್ರ ತೆಗೆದರು. ದೀಪದಡಿ ಅದೂ ಹೊಳೆಯಿತು, ಅದೇ ನೀಲಿ.

"ಅಯ್ಯೋ ಸಾಯ್ಬಾ, ಪೌಡರ್!" ಬಾಯಿ ದೇವರನ್ನು ಕರೆದರು.

ಲ್ಯಾಬಿನ ಸೋಪು ಆ ಸೋಮವಾರವೇ ಮುಗಿದಿತ್ತು. ಕೆಲಸ ನಿಲ್ಲಬಾರದೆಂದು ಬಾಯಿ ಮನೆಯಿಂದ ಬಟ್ಟೆ ಒಗೆಯುವ ಪೌಡರ್ ತಂದು ಬಾಟ್ಲಿ ತೊಳೆದಿದ್ದರು, ಮುಚ್ಚಳಗಳನ್ನು ಅದರಲ್ಲೇ ನೆನೆಸಿದ್ದರು. ಯಾರಿಗೂ ಹೇಳಿರಲಿಲ್ಲ. ಬಟ್ಟೆ ಬೆಳ್ಳಗೆ ಕಾಣಲು ಅದರಲ್ಲಿ ಹಾಕುವ ವಸ್ತು ಈ ದೀಪದಡಿ ಹೊಳೆಯುತ್ತದೆ ಎಂದಳು ಅಶ್ಮಿತಾ. "ಸರ್‌ಗೆ ನಾನು ಎಂತಾದ್ರೂ ಹೇಳ್ತೇನೆ, ನೀವು ಸುಮ್ನಿರಿ."

"ಬೇಡ. ಹಾಕಿದ್ದು ನಾನು, ಹೇಳುವುದೂ ನಾನೇ."

ಹೇಳಿದರು. ಸರ್, "ಸೋಪು ಮುಗಿದದ್ದು ಹೇಳ್ಬಾರ್ದಾ ಬಾಯಮ್ಮ?" ಎಂದರು. ಪೌಡರ್ ಹೀರಿದ ಹಳೆ ಮುಚ್ಚಳಗಳನ್ನೆಲ್ಲ ಬಿಸಾಡಿಸಿದರು. ಬೇರೆ ಜನದ ಮಾತು ಮತ್ತೆ ಎತ್ತಲಿಲ್ಲ. ಕತ್ತಲೆ ಕೋಣೆಯ ಇನ್ನೊಂದು ಬೀಗದ ಕೈ ಬಾಯಿಗೆ ಕೊಟ್ಟರು.

ಈಗ ಕಿಟಕಿಗೆ ಹಿಡಿದ ಮೇಲೆ ಬಾಯಿ ನೇರಳೆ ದೀಪದಡಿಯೂ ಇಟ್ಟು ನೋಡುತ್ತಾರೆ. ಹೊಳೆದರೆ ಪುನಃ ತೊಳೆಯಬೇಕು. ನಿನ್ನೆ ಎರಡು ಹೊಳೆದವು. ಎರಡೂ ಮೊನ್ನೆ ಬಾಯಿಯ ರಜೆಯಲ್ಲಿ ನಾನು ತೊಳೆದದ್ದು.