ಕಲಾಯಿ ಸಾಬರ ಮೊದಲ ಗುಟುಕು

ಅಡುಗೆಮನೆಗೆ ಕಾದ ತವರದ ಘಾಟು ಬಂತು. ಹಜಾರದಲ್ಲಿ ಡಿಪ್ಲೊಮಾ ಓದುವ ನನ್ನ ಮೊಮ್ಮಗಳು ಎಲೆಕ್ಟ್ರಾನಿಕ್ ಬೋರ್ಡಿಗೆ ತವರದ ಬೆಸುಗೆ ಹಾಕುತ್ತ ಕೂತಿದ್ದಳು. ಪೂರ್ತಿ ಅದೇ ವಾಸನೆಯಲ್ಲ, ಆದರೂ ಕಲಾಯಿ ಸಾಬರು ನೆನಪಾಗಿಬಿಟ್ಟರು...

ನಾನು ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಹೊಸತು. ಸಾಬರು ತರೀಕೆರೆಯಿಂದ ಬಸ್ಸಿನಲ್ಲಿ ಬೆಂಕಿ ಊದುವ ತಿದಿ ಹೊತ್ತು ತಂದು ನಮ್ಮ ಬೀದಿಯಲ್ಲಿ ಕೂರುತ್ತಿದ್ದರು. ಹಿತ್ತಾಳೆ ಪಾತ್ರೆಗೆ ತವರ ಬಳಿದು ಕೂಡಲೇ ಕೊಡುತ್ತಿರಲಿಲ್ಲ. ಅದರಲ್ಲಿ ಹುಣಸೆನೀರು ಕುದಿಸಿ ತಾವೇ ಮೊದಲು ಕುಡಿಯುವರು. ಕಲಾಯಿ ಎಲ್ಲಾದರೂ ತೆಳುವಾಗಿದ್ದರೆ ಬಾಯಿಗೆ ಕಿಲುಬು ಹತ್ತುತ್ತಿತ್ತು. ಒಮ್ಮೆ ನನ್ನ ಮದುವೆಯ ಪಾತ್ರೆಯಲ್ಲಿ ಕುಡಿದು ಮುಖ ಕಿವುಚಿದರು. ಬಳಿದದ್ದನ್ನೆಲ್ಲ ಕೆರೆದು ಹಾಕಿದರು.

"ಹೊತ್ತಾಯ್ತು, ಇದ್ದಂಗೆ ಕೊಡ್ರೀ ಸಾಬ್ರೇ," ಅಂದರು ನಮ್ಮತ್ತೆ.

"ಹೊಸ ಸೊಸೆ ಉಣ್ಣೋ ಪಾತ್ರೆ ಅಮ್ಮಾರೇ. ನನ್ ನಾಲಿಗೆ ಒಪ್ಪದೆ ಕೊಡಾಕಿಲ್ಲ. ಬೇಕಾದ್ರೆ ಬೈಕೊಳ್ಳಿ."

ಅತ್ತೆ ಬೈದೇ ಬೈದರು. ಸಾಬರು ನಗುತ್ತ ಮತ್ತೆ ತಿದಿ ಒತ್ತಿದರು...

ಮೊಮ್ಮಗಳದೂ ಅದೇ ಹಠ. ಮಂಡಿ ಸೋತು, ಸ್ಟೇಷನ್ನಿನ ಏರಿನಲ್ಲಿ ಈರುಳ್ಳಿ ಗಾಡಿ ತಳ್ಳಲಾಗದೆ, ನಾನು ವ್ಯಾಪಾರವನ್ನೇ ಬಿಡಲು ಹೊರಟಿದ್ದೆ. ಅವಳು ಗಾಡಿಗೆ ಬ್ಯಾಟರಿ, ಮೋಟಾರು, ಅದನ್ನು ನಡೆಸುವ ಬೋರ್ಡು ಕಟ್ಟಿದಳು. ಖಾಲಿ ಗಾಡಿ ಚೆನ್ನಾಗಿ ಓಡಿತು. ಈರುಳ್ಳಿ ಹೇರಿದಾಗ ಏರಿನ ನಡುವೆ ಬೋರ್ಡು ಹೊಗೆಯಾಡಿ ಕರಕಲಾಯಿತು. ಈಗ ಬೆಸೆಯುತ್ತಿದ್ದದ್ದು ಎರಡನೆಯದು.

"ಭಾರ ಇದ್ರೆ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತೆ ಅಜ್ಜಿ. ಅದು ಹರಿಯೋ ತಾಮ್ರದ ಗೆರೆ ಸಣ್ಣಕ್ಕೆ ಬಿಟ್ಟಿದ್ದೆ, ಕಾದು ಸುಟ್ಟೋಯ್ತು. ಹೊಸ ಬೋರ್ಡಲ್ಲಿ ಅಗಲ ಮಾಡಿದೀನಿ, ಮೇಲೆ ತವರಾನೂ ದಪ್ಪಗೆ ಹಾಕ್ತಿದೀನಿ."

ಬೋರ್ಡು ಗಾಡಿಗೆ ಕೂರಿಸಿದ ಮೇಲೆ ನಾನಂದೆ, "ಸರಿ ನಡಿ, ತಳ್ಳಿ ನೋಡ್ತೀನಿ."

"ನೀನಲ್ಲ ಕಣಜ್ಜಿ. ಮೊದ್ಲು ನಾನು."

ಗಾಡಿಗೆ ಚಾಚಿದ ಕೈ ಹಿಂದೆ ತೆಗೆದೆ. ಈ ಮಾತು ಎಲ್ಲಿಂದ ಬಂತು ಇವಳಿಗೆ?

ಮೂಟೆಗಳನ್ನೇರಿಸಿ ಅವಳೇ ಏರು ಹತ್ತಿಸಿದಳು. ನಡುವೆ ನಿಲ್ಲಿಸಿ, ಬಿಸಿ ಅಳೆಯುವ ಮೀಟರಿನ ತಂತಿಯನ್ನು ಬೋರ್ಡಿನ ತಾಮ್ರದ ಗೆರೆಗೆ ತಾಗಿಸಿ ನೋಡಿದಳು.

"ಉಗುರುಬೆಚ್ಚಗೈತೆ, ಅಷ್ಟೇ."

"ಮತ್ತೇನು, ಕೊಡೇ ಇತ್ತ."

"ಇರಜ್ಜಿ, ಇನ್ನೊಂದ್ಸಲ."

ಇಳಿಸಿ ಮತ್ತೆ ಹತ್ತಿಸಿದ ಮೇಲೆಯೇ ಗಾಡಿ ನನ್ನ ಕೈಗೆ ಬಂದದ್ದು. ತುದಿ ಮುಟ್ಟುವಾಗ ನನಗೆ ನಗುವೂ ಬಂತು, ಅಳುವೂ ಬಂತು. ಎದುರು ಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಮಾಡಿದ್ದು" ಎಂದು ಹೇಳುತ್ತಲೇ ಹೋದೆ. ಸಾಬರಿಗೂ ಒಂದು ಮಾತು ಹೇಳಬೇಕಿತ್ತು...

ಮನೆಮನೆಗೂ ಸ್ಟೀಲು ಬಂದ ಮೇಲೆ ಅವರು ಬರುವುದು ನಿಂತಿತು. ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅವರು ಬಳಿದ ತವರ ಸವೆದು ನನ್ನ ಮದುವೆಯ ಆ ಪಾತ್ರೆ ಅಟ್ಟ ಸೇರಿತ್ತು. ಮೊನ್ನೆ ಇಳಿಸಿ ತೊಳೆದೆ. ಅದರಲ್ಲಿ ಇನ್ನು ಹುಳಿ ಕುದಿಸುವಂತಿಲ್ಲ, ಕಲಾಯಿ ಹಾಕುವವರೂ ಇಲ್ಲ. ಈರುಳ್ಳಿ ತುಂಬಿ ಗಾಡಿಯ ಮುಂದೆ ಇಟ್ಟುಕೊಂಡಿದ್ದೇನೆ. ದಿನಾ ನನ್ನ ಜೊತೆ ಏರು ಹತ್ತುತ್ತದೆ.