ಮೆತ್ತಗಾದ ಮೂರು ತೋಟಾ

ಸ್ಲೊವಾಕಿಯಾದ ನಮ್ಮ ಗುಡ್ಡದೂರಿನಲ್ಲಿ ಬೇಟೆಗಾರ ಸತ್ತರೆ, ಅವನ ಗೋರಿಯ ಬಳಿ ಗೆಳೆಯರು ಮೂರು ಈಡು ಹಾರಿಸುತ್ತಾರೆ. ಆ ಮೂರೂ ಯೊಲಾನಾ ಹದ ಮಾಡಿದ ತೋಟಾಗಳೇ ಆಗಬೇಕೆಂಬುದು ಅವಳ ಗಂಡ, ಬೇಟೆಗಾರ ವೆಂಡೆಲಿನ್‌ನ ಕೊನೆಯ ಆಸೆ.

ಆ ಮನೆಯಲ್ಲಿ ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳಿಗೆ ಮತ್ತೆ ಮದ್ದು ತುಂಬುವುದು ಅವನ ಕೆಲಸ, ಅದಕ್ಕೂ ಮೊದಲು ಹಿತ್ತಾಳೆ ಕಾಯಿಸುವುದು ಇವಳದು. ಹಾರಿಸಿ ಹಾರಿಸಿ ಪೆಡಸಾದ ಖಾಲಿ ತೋಟಾದ ಕತ್ತು ಸೀಳಿಹೋಗುತ್ತದೆ. ಕತ್ತನ್ನಷ್ಟೇ ಉರಿಗೆ ಹಿಡಿದು ಮೆತ್ತಗೆ ಮಾಡಬೇಕು. ಬುಡವೂ ಮೆತ್ತಗಾಯಿತೋ, ಬಂದೂಕು ಹಿಡಿದವನ ಮುಖಕ್ಕೇ ಸಿಡಿಯುತ್ತದೆ. ಅದಕ್ಕೇ ಯೊಲಾನಾ ಬುಡವನ್ನು ಬರಿಬೆರಳಲ್ಲಿ ಹಿಡಿದು, ಬಿಸಿ ತಾಳದಾದಾಗ ನೀರಿಗೆ ಬಿಡುತ್ತಿದ್ದಳು.

“ನನ್ನ ಬೆರಳು ಕಿರುಚಿದ್ರೆ ಹದ ಬಂತು ಅಂತ.”

“ಕಿರುಚೋದು ನೀನು ಕಣೇ. ಪಾಪ, ಬೆರಳಿನ ಮೇಲ್ಯಾಕೆ ಹಾಕ್ತೀಯ?” ಎಂದು ವೆಂಡೆಲಿನ್ ನಗುತ್ತಿದ್ದ.

ಅವನು ಹೋದ ಮರುದಿನ ಅವಳು ಉಳಿದಿದ್ದ ಮೂರು ಖಾಲಿ ತೋಟಾ ತೆಗೆದು ಉರಿ ಹಚ್ಚಿದಳು. ಕಣ್ಣು ತುಂಬಿ ಹಿತ್ತಾಳೆಯ ಬಣ್ಣ ಕಾಣಲಿಲ್ಲ. ಬೆರಳನ್ನೇ ನಂಬಿದಳು. ಯಾಕೋ ಹಿತ್ತಾಳೆ ಇವತ್ತು ತಡವಾಗಿ ಕಾಯುತ್ತಿದೆ ಎನಿಸಿತು.

ಮದ್ದು ತುಂಬಲೆಂದು ಅವನ್ನು ಒಯ್ಯಲು ಬಂದ ಬೇಟೆಗಾರರ ಮುಖಂಡ ಗಾಶ್ಪರ್ ಅವಳ ಕೈ ನೋಡಿ ನಿಂತುಬಿಟ್ಟ.

“ಚಿಕ್ಕಮ್ಮಾ, ಬೆರಳೆಲ್ಲ ಬೊಬ್ಬೆ ಎದ್ದಿದೆಯಲ್ರೀ!”

ಯೊಲಾನಾ ಬೆರಳುಗಳನ್ನು ಉಜ್ಜಿ ನೋಡಿದಳು. ಉರಿಯಲಿಲ್ಲ. ಸಕ್ಕರೆ ಕಾಯಿಲೆಯ ಜೋಮು ಇಷ್ಟು ಆಳಕ್ಕಿಳಿದದ್ದು ಅವಳಿಗೆ ಗೊತ್ತಿರಲಿಲ್ಲ.

“ಅವನ ಕೈ ಹಿಡ್ಕೊಂಡೇ ಕೂತಿದ್ದೆ ಗಾಶ್ಪರ್. ತಣ್ಣಗಾಗಿದ್ದು ನಂಗೆ ತಿಳೀಲಿಲ್ಲ. ನರ್ಸ್ ಬಂದು ಹೇಳ್ಬೇಕಾಯ್ತು.”

ಅವನು ತಲೆ ತಗ್ಗಿಸಿದ. “ಮದ್ದು ಕಮ್ಮಿ ಹಾಕಿ ಹಾರಿಸ್ತೀನಿ, ಕೊಡಿ. ಏನೂ ಆಗಲ್ಲ.”

“ಬುಡ ಬೆಂದಿದೆ. ನಿನ್ನ ಕಣ್ಣು ಕಳೆದು ನನ್ನ ಗಂಡನ್ನ ಕಳಿಸ್ಕೊಡ್ಲಾ? ನಿನ್ನವೇ ತಗೊಂಡು ಹೋಗು.”

ಹಾಗೆ ಬೆಂದ ಬುಡವನ್ನು ಮತ್ತೆ ಗಟ್ಟಿ ಮಾಡಲು ಆ ಮನೆಯಲ್ಲಿ ದಾರಿಯಿರಲಿಲ್ಲ.

ಗೋರಿಯ ಬಳಿ ಗಾಶ್ಪರ್‌ನ ತೋಟಾಗಳು ಮೂರು ಸಲ ಸದ್ದು ಮಾಡಿದವು. ಬೇಟೆಗಾರರ ರೂಢಿಯಂತೆ ಎಲ್ಲರೂ ಗೋರಿಯೊಳಗೆ ಫರ್ ಮರದ ಚಿಗುರು ಹಾಕಿದರು. ಯೊಲಾನಾ ಚಿಗುರಿನ ಜೊತೆ ತಾನು ಕಾಯಿಸಿದ್ದ ಆ ಮೂರು ಖಾಲಿ ತೋಟಾಗಳನ್ನೂ ಬಿಟ್ಟಳು. ಕೈಯಿಂದ ಜಾರಿದವೋ ಇಲ್ಲವೋ ತಿಳಿಯದೆ, ಅಂಗೈ ಬಿಡಿಸಿ ನೋಡಿಕೊಂಡಳು.