ಜಯತ್ತೆಯ ಪಾಲು

ಟಪ್. ಒಂದಿಷ್ಟು ಹೊತ್ತು ಏನೂ ಇಲ್ಲ. ಮತ್ತೆ, ಟಪ್.

ಟೀಪುಡಿಯ ಹಳೇ ಮರದ ಪೆಟ್ಟಿಗೆಯ ಅಡಿಯಿಂದ ಅಲ್ಯೂಮಿನಿಯಂ ಡಬ್ಬಿಗೆ ಐಸ್ ನೀರು ತೊಟ್ಟಿಕ್ಕುವ ಸದ್ದು ಅದು. ನನಗೀಗ ಎಪ್ಪತ್ತು ದಾಟಿದೆ. ಬಾತ್‌ರೂಮಿನ ನಲ್ಲಿ ಸೋರಿದರೆ ಇವತ್ತಿಗೂ ಎದ್ದು ಹೋಗಿ ಬಿಗಿಯಾಗಿ ತಿರುಗಿಸಿ ಬರುತ್ತೇನೆ. ಪ್ಲಂಬರ್, "ವಾಷರ್ ಹೋಗಿದೆ ಆಂಟಿ, ಅಷ್ಟೇ" ಅನ್ನುತ್ತಾನೆ. ಅಷ್ಟೇ ಅಲ್ಲಪ್ಪ ಅಂತ ಅವನಿಗೆ ಹೇಗೆ ಹೇಳುವುದು?

ನಮ್ಮ ರಾಜಾಜಿನಗರದ ಬೀದಿಯಲ್ಲಿ ಯಾರಾದರೂ ವಿಳಾಸ ಕೇಳಿದರೆ "ಫ್ರಿಜ್ ಇರೋ ಮನೆ ಪಕ್ಕ" ಎಂದು ಹೇಳುತ್ತಿದ್ದ ಕಾಲ. ನಮ್ಮದು ಆ ಪಕ್ಕದ ಮನೆ. ಮಾಂಸ ತಂದರೆ ಅವತ್ತೇ ಬೇಯಬೇಕು. ಅಂಥದ್ದರಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಹಸಿ ಮಾಂಸವನ್ನು ಹೊಸಪೇಟೆಯವರೆಗೆ ಒಯ್ಯಬೇಕು ಎಂದು ಅಜ್ಜಿ ಹಟ ಹಿಡಿದಳು.

ಎಲ್ಲಾ ಜಯತ್ತೆಗಾಗಿ. ಜಯತ್ತೆ ಅಪ್ಪನ ಒಬ್ಬಳೇ ತಂಗಿ. ಗಂಡನಿಗೆ ಅಣೆಕಟ್ಟಿನ ಕೆಲಸ, ಅಲ್ಲೇ ಕ್ವಾರ್ಟರ್ಸ್. ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ಏಳು ತಿಂಗಳು. ಅಜ್ಜಿ ಮಾರಮ್ಮನಿಗೆ ಮರಿ ಹರಕೆ ಹೊತ್ತು, ತೀರಿಸಿಯೂ ಆಗಿತ್ತು. ಆದರೆ ಯಾರ ಹೆಸರಲ್ಲಿ ಹರಕೆಯೋ ಅವರ ಬಾಯಿಗೆ ಪಾಲು ಬೀಳದೆ ಹರಕೆ ಮುಗಿಯುವುದಿಲ್ಲ. ಜಯತ್ತೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರ್ ಹೇಳಿದ್ದರು. ಅವಳು ಬರುವ ಹಾಗಿಲ್ಲ, ಪಾಲೇ ಹೋಗಬೇಕು.

"ಉಪ್ಪು ಅರಿಶಿನ ಹಚ್ಚಿ ಒಣಗ್ಸಿ ತಗೊಂಡು ಹೋಗೋಣ ಅವ್ವ," ಅಂದರು ಅಪ್ಪ.

"ಒಣಗ್ಲು ತಿನ್ನಕ್ಕೆ ನಿನ್ ತಂಗಿ ಏನ್ ಗತಿಗೆಟ್ಟೋಳೇನೋ? ಕೆಡದಂಗೆ ಹಸೀದೇ ಹೋಗ್ಬೇಕು. ಪಾಲು ಕೆಟ್ರೆ ಬಸುರು ಕೆಟ್ಟಂಗೆ."

ಆ ಕೊನೆಯ ಮಾತು ನನ್ನ ಕಿವಿಗೆ ಬೀಳಬಾರದಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತು ಹುಣಸೆಬೀಜ ಉಜ್ಜುತ್ತಿದ್ದವಳು ಉಜ್ಜುವುದನ್ನು ನಿಲ್ಲಿಸಿದೆ.

ಅಪ್ಪ ಮಾಗಡಿ ರಸ್ತೆಯ ಐಸ್ ಫ್ಯಾಕ್ಟರಿಯಲ್ಲಿ ಗೊತ್ತಿದ್ದವರನ್ನು ಹಿಡಿದು ತೊಡೆಯ ತುಂಡನ್ನು ಕಲ್ಲಿನಷ್ಟು ಗಟ್ಟಿ ಮಾಡಿಸಿದರು. ಕಾಮಾಕ್ಷಿಪಾಳ್ಯದ ಮರ ಕೊಯ್ಯುವ ಕಡೆಯಿಂದ ಹೊಟ್ಟು ತಂದರು. ಪೆಟ್ಟಿಗೆಗೆ ಹೊಟ್ಟು, ಐಸ್ ಗಡ್ಡೆ, ನಡುವೆ ಬಾಳೆ ಎಲೆ ಸುತ್ತಿದ ಮಾಂಸ, ಮೇಲೆ ಮತ್ತೆ ಐಸ್, ಹೊಟ್ಟು, ಒದ್ದೆ ಗೋಣಿ. ನೀರು ಇಳಿಯಲು ಅಡಿಯಲ್ಲೊಂದು ತೂತು. ಹಸಿ ಹೊಟ್ಟಿನ ಆ ವಾಸನೆ ಪೆನ್ಸಿಲ್ ಕೆತ್ತಿದ ಹಾಗಿತ್ತು. ಮಾಂಸದ ಪೆಟ್ಟಿಗೆಯಿಂದ ನಮ್ಮ ಕ್ಲಾಸ್‌ರೂಮಿನ ವಾಸನೆ!

ರಾತ್ರಿ ಹೊರಟರೆ ತಂಪು ಎನ್ನುವುದು ಅಪ್ಪನ ಲೆಕ್ಕಾಚಾರ. ಅಜ್ಜಿ ಒಪ್ಪಬೇಕಲ್ಲ.

"ಕತ್ಲಲ್ಲಿ ಬಾಡು ಒಯ್ತಾರೇನೋ? ವಾಸ್ನೆಗೆ ಗಾಳಿ ಹಿಂದೆ ಬೀಳ್ತದೆ. ತಗೊಂಡೋಗಿ ಬಸುರಿ ಮನೇಗೆ ಬಿಡ್ತೀಯಾ?"

ಗಾಳಿ ಅಂದರೆ ದೆವ್ವ. ಹೆಸರು ಹಿಡಿದು ಕರೆದರೆ ಬರುತ್ತದೆಂದು ಅಜ್ಜಿ ಹಾಗೆ ಹೇಳುತ್ತಿದ್ದಳು. ಕಾನ್ವೆಂಟಿನ ಸಿಸ್ಟರ್ ದೆವ್ವ ಎಲ್ಲಾ ನಾನ್ಸೆನ್ಸ್, ಸೂಪರ್‌ಸ್ಟಿಷನ್ ಅನ್ನುತ್ತಿದ್ದರು. ಆದರೆ ಬೆಳಗಿನ ಪ್ರೇಯರ್‌ನಲ್ಲಿ ಅವರೇ ಕಣ್ಣು ಮುಚ್ಚಿ ಹೋಲಿ ಘೋಸ್ಟ್ ಎನ್ನುತ್ತಿದ್ದರು. ಹೀಗಾಗಿ ನನಗೆ ಮನೆಯಲ್ಲೂ ಸ್ಕೂಲಿನಲ್ಲೂ ಬಿಡುಗಡೆ ಇರಲಿಲ್ಲ.

ಅಂತೂ ದೆವ್ವಕ್ಕೆ ಹೆದರಿ, ಉರಿಯುವ ಬಿಸಿಲಿನಲ್ಲಿ ಐಸ್ ಹೊತ್ತು ಹೊರಟೆವು. ಅಜ್ಜಿ ಇದ್ದಿಲು, ಬೇವಿನ ಸೊಪ್ಪು, ಒಂದು ಕಬ್ಬಿಣದ ಮೊಳೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೇಲಿಟ್ಟಳು. ಗಾಳಿಗೆ ಅದು ಬೇಲಿ. ಯಾರೋ ಸ್ನೇಹಿತರಿಂದ ಕೇಳಿ ತಂದ ಕಾರು. ಅಪ್ಪ ಸ್ಟೀರಿಂಗ್ ಮುಂದೆ, ಹಿಂದಿನ ಸೀಟಿನಲ್ಲಿ ಒಂದು ಕಡೆ ಅಜ್ಜಿ, ಒಂದು ಕಡೆ ನಾನು, ನಡುವೆ ಪೆಟ್ಟಿಗೆ, ಅದರ ತೂತಿನ ಕೆಳಗೆ ಡಬ್ಬಿ.

"ಪುಟ್ಟಿ, ಸದ್ದು ಕೇಳ್ತಾ ಇರು," ಅಂದರು ಅಪ್ಪ. "ನಿಧಾನ ಇದ್ರೆ ಗುಡ್. ಜೋರಾದ್ರೆ ಹೇಳು. ಮುಚ್ಚಳ ಮಾತ್ರ ತೆಗೀಬೇಡ, ತಂಪು ಓಡಿ ಹೋಗತ್ತೆ."

ತುಮಕೂರು ದಾಟುವವರೆಗೂ ಖುಷಿಯಿತ್ತು. ಮಾವಿನಕಾಯಿ ಚಿತ್ರಾನ್ನ ತಿಂದೆವು, ಎದುರಿನ ಲಾರಿಗಳ ಬಣ್ಣ ಹೇಳುವ ಆಟ ಆಡಿದೆ. ಶಿರಾ ಹತ್ತಿರ ಬಂದಂತೆ ಕಿಟಕಿಯಿಂದ ಒಲೆಯ ಬಾಯಿಯ ಗಾಳಿ. ಟಪ್ ಟಪ್ ಟಪ್. ಡಬ್ಬಿ ತುಂಬಿತು, ಅಪ್ಪ ಚೆಲ್ಲಿ ಬಂದರು, ಮತ್ತೆ ತುಂಬಿತು. ಒಂದೊಂದು ಹನಿಗೂ ಜಯತ್ತೆಯ ಹೊಟ್ಟೆಯೊಳಗೆ ಏನೋ ಕರಗುತ್ತಿದೆ ಅನ್ನಿಸಿತು. ಅಂಗೈಯನ್ನು ಪೆಟ್ಟಿಗೆಗೆ ಒತ್ತಿಕೊಂಡು ಕೂತೆ. ಇರುವ ತಂಪನ್ನೂ ನನ್ನ ಕೈಯೇ ಕುಡಿದರೆ ಎಂದು ಹೆದರಿ ತೆಗೆದೆ. ಆಟ ಯಾವಾಗ ನಿಂತಿತೋ ಗೊತ್ತಿಲ್ಲ.

ಹಿರಿಯೂರು ದಾಟಿದ ಮೇಲೆ ಸದ್ದು ನಿಂತುಹೋಯಿತು.

ಡಬ್ಬಿಗೆ ಕಿವಿ ಕೊಟ್ಟೆ. ಇಲ್ಲ.

"ಅಪ್ಪಾ, ಸದ್ದು ಬರ್ತಿಲ್ಲ."

ಅಪ್ಪ ಆಕ್ಸಿಲರೇಟರ್ ಒತ್ತಿದರು. ಕಾರು ಜೋರಾಯಿತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿತ್ರದುರ್ಗ ಬರುವವರೆಗೂ ನಾನು ಸ್ಕೂಲಿನ ಹೇಲ್ ಮೇರಿ ಪ್ರೇಯರ್ ಹೇಳಿದೆ, ನಡುವೆ ಮಾರಮ್ಮನನ್ನೂ ಸೇರಿಸಿದೆ.

ಬಸ್‌ಸ್ಟ್ಯಾಂಡ್ ಹತ್ತಿರದ ಶರಬತ್ತಿನ ಅಂಗಡಿಯವನು ಐಸ್ ಗಡ್ಡೆ ಕೊಡಲು ಒಪ್ಪಿದ. ಮುಚ್ಚಳ ತೆಗೆಯಬೇಕೆಂದರೆ ಅಜ್ಜಿ ಬಿಡಳು. ಮಟಮಟ ಮಧ್ಯಾಹ್ನ, ಮೂರು ದಾರಿ ಕೂಡುವ ಜಾಗ.

"ಇಲ್ಲಿ ತೆಗೀಬೇಡ ಕಣೋ, ನಿನ್ ಕಾಲಿಗೆ ಬೀಳ್ತೀನಿ!"

"ಅವ್ವ, ಗಾಳಿ ತಿಂದ್ರೆ ಒಂದು ತುತ್ತು ತಿನ್ಬೋದು. ಬಿಸ್ಲು ಎಲ್ಲಾನೂ ತಿನ್ನತ್ತೆ. ಬಿಡಿ."

ಅಂಗಡಿಯವನು ಪೆಟ್ಟಿಗೆಯ ಗಾತ್ರ ನೋಡಿ ನಕ್ಕ. "ಏನ್ ಸ್ವಾಮಿ, ಒಳಗೇನು ಹೆಣ ಗಿಣ ಐತೇನು?"

ಅಜ್ಜಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಗೋಣಿ ಸರಿಸಿದರೆ ಪೆಟ್ಟಿಗೆ ತುಂಬ ನೀರು. ಹೊಟ್ಟು ಇಳಿದು ತೂತು ಕಟ್ಟಿಕೊಂಡಿತ್ತು, ಅದಕ್ಕೇ ಸದ್ದಿಲ್ಲ. ಐಸ್ ಸೋಪಿನಷ್ಟು ಉಳಿದಿತ್ತು. ಅಪ್ಪ ನೀರಿನೊಳಗೆ ಕೈ ಹಾಕಿ ಎಲೆಯ ಗಂಟನ್ನು ಒತ್ತಿ ನೋಡಿ, "ಗಟ್ಟಿ ಇದೆ!" ಎಂದು ಕೂಗಿದರು. ಬೀದಿಯವರೆಲ್ಲ ತಿರುಗಿ ನೋಡಿದರು. ತಂತಿ ಹಾಕಿ ತೂತು ಬಿಡಿಸಿ, ಹೊಸ ಐಸ್ ತುಂಬಿದರು. ಟಪ್. ಜೀವ ಬಂತು.

ಊರು ಬಿಟ್ಟು ಬಹಳ ದೂರ ಬಂದ ಮೇಲೆ ಅಜ್ಜಿ ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ಸೀಟಿನ ಕೆಳಗೆ ನೋಡಿದಳು. ಇದ್ದಿಲು ಬೇವಿನ ಗಂಟು ಇರಲಿಲ್ಲ. ಗಡಿಬಿಡಿಯಲ್ಲಿ ಶರಬತ್ತಿನ ಅಂಗಡಿ ಮುಂದೆಯೇ ಉಳಿದಿತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ಮುಚ್ಚಳದ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಊರಿ ಕೂತಳು. ಕಬ್ಬಿಣವಾದರೂ ಇರಲಿ ಎಂದು. ಎಲೆಅಡಿಕೆ ಹಾಕಿಕೊಳ್ಳಲೂ ಆ ಕೈ ಎತ್ತಲಿಲ್ಲ. ಅಜ್ಜಿಗೂ ಹೆದರಿಕೆ ಆಗುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಹಿಂದಿನ ಗಾಜಿನ ಕಡೆ ನಾನು ಹೊಸಪೇಟೆಯವರೆಗೂ ತಿರುಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆವು. ಅಜ್ಜಿ ಮಾಂಸ ಮೂಸಿದಳು, ಅಪ್ಪ ಮೂಸಿದರು. ಮಲಗಿದ್ದ ಜಯತ್ತೆ, "ನಂಗೂ ಕೊಡ್ರಿ, ಮೂಸೋ ಪಾಲು ನಂದೇ ಅಲ್ವಾ?" ಎಂದು ಕಿಚಾಯಿಸಿದಳು. ಕೆಟ್ಟಿರಲಿಲ್ಲ. ಅಜ್ಜಿ ಕೈಕಾಲು ತೊಳೆದು ಸಾರು ಮಾಡಿದಳು. ಜಯತ್ತೆ ಮುದ್ದೆ ಮುರಿದು ಉಣ್ಣುವುದನ್ನು ನಾನು ತುತ್ತು ತುತ್ತಿಗೂ ನೋಡಿದೆ.

"ಏನೇ ಹಂಗ್ ನೋಡ್ತೀಯಾ, ದೃಷ್ಟಿ ಆಗತ್ತೆ!"

"ಚೆನ್ನಾಗಿದ್ಯಾ ಅತ್ತೆ?"

"ಐಸ್ ಕ್ಯಾಂಡಿ ಥರ ಇದೆ ಕಣೇ," ಅಂದಳು. ಅಜ್ಜಿಯೂ ನಕ್ಕಳು.

ಮಳೆಗಾಲ ಹಿಡಿದಾಗ ಟೆಲಿಗ್ರಾಂ ಬಂತು. ಗಂಡು ಮಗು, ಉಳಿದಿತ್ತು. ಜಯತ್ತೆ ಉಳಿಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತ ಅಜ್ಜಿ ಗಾಳಿಯ ಮಾತೆತ್ತಲಿಲ್ಲ, ಕಳೆದ ಗಂಟಿನ ಮಾತೂ ಎತ್ತಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಹೇಳಿದಳು: "ಕೂಸು ಉಳಿಸ್ಕೊಡು ತಾಯಿ ಅಂತಷ್ಟೇ ಕೇಳಿದ್ದೆ ಕಣೇ. ಅವಳನ್ನೂ ಉಳಿಸ್ಕೊಡು ಅಂತ ಕೇಳೋದು ಹೊಳೀಲೇ ಇಲ್ಲ."

ಆ ಕೂಸು ನಮ್ಮನೆಯಲ್ಲೇ ಬೆಳೆದು, ನೌಕರಿ ಮಾಡಿ, ರಿಟೈರ್ ಆಗಿ ಈಗ ಅನ್ನಪೂರ್ಣೇಶ್ವರಿ ನಗರದಲ್ಲಿದ್ದಾನೆ. ಭಾನುವಾರ ಫ್ರೋಜನ್ ಕೈಮಾ ಪ್ಯಾಕೆಟ್ ಹಿಡಿದು ಬಂದು, "ಫ್ರೀಜರ್‌ಗೆ ಹಾಕ್ಬಿಡು ಅಕ್ಕ, ತಿಂಗಳು ಇಟ್ರೂ ಏನೂ ಆಗಲ್ಲ" ಅನ್ನುತ್ತಾನೆ. ನಿಜ, ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಮರೆತೇ ಹೋಗುತ್ತೇನೆ. ಒಂದು ತುಂಡು ಮಾಂಸವನ್ನು ಒಬ್ಬಳ ಜೀವವೆಂದೇ ತಿಳಿದು, ಅದರ ಮೇಲೆ ಕೈಯೂರಿ ಅಷ್ಟು ದೂರ ಹೋಗುವವರು ಈಗ ಯಾರೂ ಇಲ್ಲ. ಹಾಗೆ ಹೆದರುವುದೂ ಒಂದು ಪ್ರೀತಿಯಾಗಿತ್ತೋ ಏನೋ.

ನಾವು ಹೊಸಪೇಟೆಯಿಂದ ಹೊರಟದ್ದು ಪಾಲು ಉಣಿಸಿದ ಮಾರನೆಯ ಬೆಳಿಗ್ಗೆ. ಏಳಬೇಡ ಎಂದರೂ ಕೇಳದೆ ಜಯತ್ತೆ ಬಾಗಿಲವರೆಗೆ ಬಂದಳು. ಪೆಟ್ಟಿಗೆಯ ಹೊಟ್ಟಿನಲ್ಲಿ ಚಿತ್ರದುರ್ಗದ ಐಸಿನ ಒಂದು ಚೂರು ಇನ್ನೂ ಉಳಿದಿತ್ತು. ಅದನ್ನು ತೊಳೆದು ಕುತ್ತಿಗೆಗೆ ಒತ್ತಿಕೊಂಡು, "ಆಹಾ!" ಎಂದು ಕಣ್ಣು ಮುಚ್ಚಿದಳು. ಆಮೇಲೆ ಬಾಗಿಲಿಗೆ ತಾಗಿ ನಿಂತ ಕಾರಿನ ಕಿಟಕಿಯಲ್ಲಿ ಕೈ ತೂರಿಸಿ ನನ್ನ ಅಂಗೈಗೆ ಹಾಕಿ, "ಬೆಂಗಳೂರು ತನಕ ಕರಗದ ಹಾಗೆ ನೋಡ್ಕೋ, ನೋಡೋಣ" ಅಂದಳು. ಕಾರು ಹೊರಟಿತು. ಮುಷ್ಟಿ ಬಿಗಿಹಿಡಿದು ಈ ಸಲ ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಬಾಗಿಲ ಕಂಬಕ್ಕೆ ಒರಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಒದ್ದೆ ಕೈಯನ್ನು ನನ್ನತ್ತ ಕೊಡವುತ್ತಾ ನಗುತ್ತಿದ್ದಳು.